ಡ್ಯೂಕ್ ಅಂದ್ರೆ ದೊಡ್ಡಗೌಡ್ರು

ಹೋದ ಗುರುವಾರ ಡಾಕ್ಟರು ಫೈಲು ಮುಚ್ಚಿ, "ಇನ್ನು ಆರು ತಿಂಗಳು ಈ ಕಡೆ ತಲೆ ಹಾಕಬೇಡಿ" ಅಂದರು. ಈ ಒಂದು ಮಾತಿಗೆ ಹದಿನಾಲ್ಕು ತಿಂಗಳು ಕಾದಿದ್ದೆ. ಏನಾಗಿತ್ತು, ಎಲ್ಲಿ ಕುಯ್ದರು, ಎಷ್ಟು ಬಾಟಲಿ ಏರಿಸಿದರು ಅನ್ನೋದೆಲ್ಲ ನಿಮಗೆ ಗೊತ್ತಿರೋದೇ. ಏರಿಸಿದ ರಕ್ತದಲ್ಲಿ ಮೂರು ಬಾಟಲಿ ನಿಮ್ಮದೇ. ಆ ಕಥೆ ಬಿಟ್ಟು ನೇರವಾಗಿ ಋಣದ ಲೆಕ್ಕಕ್ಕೆ ಬರ್ತೀನಿ.

ರಕ್ತ ಕೊಟ್ಟ ಆಫೀಸಿನ ಹುಡುಗರು, ನಲವತ್ತು ದಿನ ಗಂಜಿ ಕಳಿಸಿದ ಎದುರು ಮನೆಯವರು, ಪರೀಕ್ಷೆ ಹತ್ತಿರ ಇದ್ದರೂ ಮನೆ ನಿಭಾಯಿಸಿದ ಮಗಳು, ಬಿಲ್ಲು, ಇನ್ಶೂರೆನ್ಸು, ಔಷಧಿ ಅಂತ ಓಡಾಡಿ ಎಂಟು ಕೆಜಿ ಇಳಿದ ಯಜಮಾನರು, ನಿಮಗೆಲ್ಲ ಕೈ ಮುಗೀತೀನಿ. ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಳಲ್ಲ ಅಂತ ಬೇಜಾರು ಮಾಡ್ಕೋಬೇಡಿ. ಉಳಿದದ್ದೆಲ್ಲ ಅತ್ತಿಗೆಗೆ ಬೇಕು.

ಅತ್ತಿಗೆ ಅಂದರೆ ಯಜಮಾನರ ಅಕ್ಕ. ಪಾಂಡವಪುರದ ಕಡೆ ಸರ್ಕಾರಿ ಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಇಪ್ಪತ್ತಾರು ವರ್ಷದಿಂದ ನನಗೂ ಅವರಿಗೂ ಜಗಳವಿಲ್ಲ, ಸಲುಗೆಯೂ ಇಲ್ಲ. ಇದ್ದ ಒಂದೇ ತಕರಾರು ನನ್ನ ಕಾದಂಬರಿಗಳದು. ರೀಜೆನ್ಸಿ ರೊಮ್ಯಾನ್ಸು. ಇಂಗ್ಲೆಂಡಿನಲ್ಲಿ ಇನ್ನೂರು ವರ್ಷದ ಹಿಂದೆ ಡ್ಯೂಕುಗಳು, ಬಡ ಪಾದ್ರಿಯ ಹೆಣ್ಣುಮಕ್ಕಳು, ಬಾಲ್‌ರೂಮು, ಸಾರೋಟು. ಕಾಲೇಜಿನಲ್ಲಿದ್ದಾಗ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಅಂಟಿದ ಚಟ. ಈ ಬಗೆಯ ಕಾದಂಬರಿಗೆ ದಾರಿ ಹಾಕಿಕೊಟ್ಟ ಜಾರ್ಜೆಟ್ ಹೇಯರ್ 1930ರ ದಶಕದಲ್ಲಿ ಶುರು ಮಾಡಿದ್ದನ್ನು ಇವತ್ತಿಗೂ ನೂರಾರು ಜನ ಬರೀತಿದ್ದಾರೆ, ನನ್ನಂಥವರು ಓದ್ತಿದ್ದೇವೆ. ಹೊದಿಕೆಯ ಚಿತ್ರಗಳು ಮಾತ್ರ ಮನೆಯಲ್ಲಿ ತೋರಿಸುವಂಥವಲ್ಲ. ಭುಜದಿಂದ ಜಾರುವ ಗೌನು, ಗುಂಡಿ ಬಿಚ್ಚಿದ ಅಂಗಿ. ಅದಕ್ಕೇ ನ್ಯೂಸ್‌ಪೇಪರಿನ ಬೈಂಡು ಹಾಕಿ, ಬ್ಯಾಂಕಿಂಗ್ ಪರೀಕ್ಷೆಯ ಪುಸ್ತಕಗಳ ಹಿಂದೆ ಇಡುತ್ತಿದ್ದೆ. 1811ರಲ್ಲಿ ಜೇನ್ ಆಸ್ಟೆನ್‌ಳ ಮೊದಲ ಕಾದಂಬರಿ ಬಂದಾಗ ಅದರ ಮೇಲೆ ಅವಳ ಹೆಸರೇ ಇರಲಿಲ್ಲ, ಬರೆದವರು 'ಒಬ್ಬ ಮಹಿಳೆ' ಅಂತಷ್ಟೇ ಇತ್ತು. ಬರೆದವಳೇ ಮರೆಯಲ್ಲಿದ್ದಳು, ಓದುವ ನಾನು ಮರೆಯಲ್ಲಿದ್ದರೆ ಏನು ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅತ್ತಿಗೆ ಒಂದು ಸಲ ಬೈಂಡು ಬಿಚ್ಚಿ ನೋಡಿ, "ಇಷ್ಟು ಓದಿದೋಳು ಇದನ್ನಾ ಓದೋದು?" ಅಂದಿದ್ದರು. ಅಷ್ಟೇ. ಹನ್ನೊಂದು ವರ್ಷ ಆಯ್ತು, ನಾನು ಮರೆತಿರಲಿಲ್ಲ.

ಎರಡನೇ ಆಪರೇಷನ್ ಆದ ಮೂರನೇ ರಾತ್ರಿ ಯಜಮಾನರಿಗೇ ಜ್ವರ ಬಂದಿತ್ತು. ಪಾಳಿಗೆ ಅತ್ತಿಗೆ ಬಂದರು. ಫ್ಲಾಸ್ಕು, ಶಾಲು, ಕನ್ನಡಕದ ಡಬ್ಬಿ. ಇಬ್ಬರು ರೋಗಿಗಳ ರೂಮು, ಪರದೆಯ ಆಚೆ ಒಬ್ಬರು ಅಜ್ಜಿ. ಹತ್ತೂವರೆಗೆ ನೋವಿನ ಇಂಜೆಕ್ಷನ್ ಕೊಟ್ಟು ಹೋದರು, ಮುಂದಿನದು ನಾಲ್ಕು ಗಂಟೆಗೆ. ಒಂದಕ್ಕೇ ಅದರ ಶಕ್ತಿ ಇಳಿದುಹೋಯ್ತು.

ಆ ರಾತ್ರಿಯ ಬಗ್ಗೆ ಯಾರಿಗೂ ಹೇಳಿಲ್ಲ, ಇಲ್ಲಿ ಬರೀತೀನಿ. ರೀಜೆನ್ಸಿ ಅನ್ನೋ ಹೆಸರು ಬಂದದ್ದು ಒಬ್ಬ ರೋಗಿಯಿಂದ. ಮೂರನೇ ಜಾರ್ಜ್ ದೊರೆಗೆ ಮುದ್ದಿನ ಮಗಳು ಅಮೀಲಿಯಾ 1810ರಲ್ಲಿ ತೀರಿಕೊಂಡ ಹೊತ್ತಿಗೆ ಬುದ್ಧಿ ಪೂರ್ತಿ ಕದಡಿತು. 1811ರ ಫೆಬ್ರವರಿಯಿಂದ ಮಗ ಅಪ್ಪನ ಪರವಾಗಿ ಆಳಿದ. ಅಪ್ಪ ಸಾಯುವ 1820ರವರೆಗಿನ ಆ ಒಂಬತ್ತು ವರ್ಷವೇ ರೀಜೆನ್ಸಿ. ಕಾದಂಬರಿಗಳಲ್ಲಿ ಲಂಡನ್ನಿನಲ್ಲಿ ಕುಣಿತ ನಡೆಯುವಾಗ, ಅಸಲಿನಲ್ಲಿ ಆ ಮುದುಕ ವಿಂಡ್ಸರ್ ಅರಮನೆಯ ಕೋಣೆಗಳಲ್ಲಿ ಕಣ್ಣು ಹೋಗಿ, ಆಮೇಲೆ ಕಿವಿಯೂ ಹೋಗಿ, ಬದುಕೇ ಇದ್ದ. ಇಷ್ಟು ವರ್ಷ ಈ ಪುಸ್ತಕ ಓದಿದ್ದೇನೆ, ಒಂದು ದಿನವೂ ಅವನ ನೆನಪು ಬಂದಿರಲಿಲ್ಲ. ಆ ರಾತ್ರಿ ಬಿಟ್ಟೂ ಬಿಡದೆ ಬಂದ. ನಾನಿಲ್ಲದೆಯೂ ಎಲ್ಲರ ಮನೆಯಲ್ಲೂ ದೀಪ ಹತ್ತುತ್ತೆ, ಹಬ್ಬ ಆಗುತ್ತೆ, ಆಗಲಿ, ನಂದು ಇಲ್ಲಿಗೆ ಸಾಕು ಅನ್ನಿಸಿತ್ತು. ಅತ್ತಿಗೆಗೆ ಬಾಯಿಬಿಟ್ಟು ಹೇಳಿದೆ ಕೂಡ. "ಸಾಕಾಗಿದೆ ಅತ್ತಿಗೆ."

ಅವರು ದೇವರ ಹೆಸರು ಹೇಳಲಿಲ್ಲ, ಮಗಳ ಮುಖ ನೋಡು ಅನ್ನಲಿಲ್ಲ. ನನ್ನ ಬ್ಯಾಗಿಗೆ ಕೈ ಹಾಕಿ, ಬೈಂಡು ಹಾಕಿದ ಪುಸ್ತಕ ತೆಗೆದು, "ಎಲ್ಲಿಗೆ ಬಂದಿದ್ದೆ?" ಅಂದರು. ಬಸ್ ಟಿಕೆಟ್ಟು ಇಟ್ಟಿದ್ದ ಪುಟದಿಂದ ಶುರು ಮಾಡಿದರು. ಒಂದು ವಾಕ್ಯ ಇಂಗ್ಲಿಷಿನಲ್ಲಿ ತಮ್ಮಷ್ಟಕ್ಕೆ ಗುಣುಗೋದು, ಆಮೇಲೆ ಅದನ್ನೇ ಮಂಡ್ಯದ ಕನ್ನಡದಲ್ಲಿ ನನಗೆ ಹೇಳೋದು. ಪಿಸುಮಾತಲ್ಲ, ಕ್ಲಾಸ್‌ರೂಮಿನ ದನಿ.

"ಇವನ್ಯಾರು ಡ್ಯೂಕು? ಇವನಿಗಿಂತ ಅವನು ಮೇಲಾ, ಅರ್ಲು?"

ನೋವಿನ ನಡುವೆ ಪಟ್ಟಿ ಒಪ್ಪಿಸಿದೆ. ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್.

"ಸರಿ. ಡ್ಯೂಕು ದೊಡ್ಡಗೌಡ್ರು. ಅರ್ಲು ಪಟೇಲ್ರು. ವೈಕೌಂಟು ಶಾನುಭೋಗ್ರು ಅಂತ ಇಟ್ಕೊ. ದೊಡ್ಡಗೌಡ್ರು ಲಡಾಯಿಂದ ಕಾಲು ಮುರ್ಕೊಂಡು ಬಂದವ್ರೆ. ಈ ಹೆಣ್ಣು ಮೂಲೇಲಿ ನಿಂತವ್ಳೆ. ಜೊತೇಲಿ ಕಾವಲಿಗೆ ಚಿಕ್ಕಮ್ಮ."

ಹೀಗೆ ಆಲ್ಮ್ಯಾಕ್ಸ್‌ಗೆ ಹೋದೆವು. ಲಂಡನ್ನಿನ ಕಿಂಗ್ ಸ್ಟ್ರೀಟಿನಲ್ಲಿದ್ದ ಆ ಸಭಾಂಗಣದಲ್ಲಿ ಸೀಸನ್ ನಡೆಯುವಾಗ, ಅಂದರೆ ದೊಡ್ಡ ಮನೆತನದವರೆಲ್ಲ ಲಂಡನ್ನಿನಲ್ಲಿ ಸೇರುವ ತಿಂಗಳುಗಳಲ್ಲಿ, ಬುಧವಾರ ಬುಧವಾರ ನೃತ್ಯ. ದುಡ್ಡಿದ್ದರೆ ಸಾಲದು, ದೊಡ್ಡ ಮನೆತನದ ಆರೇಳು ಹೆಂಗಸರು ಸೇರಿ ಒಪ್ಪಿದವರಿಗೆ ಮಾತ್ರ ಚೀಟಿ. "ನಮ್ಮ ಕಡೆ ಹೆಣ್ಣು ನೋಡಕ್ಕೆ ಬರೋ ಅತ್ತೆದೀರ ಹಂಗೇಯ" ಅಂದರು ಅತ್ತಿಗೆ. ರಾತ್ರಿ ಹನ್ನೊಂದಾದ ಮೇಲೆ ಎಂಥವರು ಬಂದರೂ ಬಾಗಿಲು ತೆಗೆಯುತ್ತಿರಲಿಲ್ಲ ಅಂದಾಗ ಶಿಸ್ತು ಮೆಚ್ಚಿದರು, ಟೀಚರಲ್ಲವಾ. ಒಳಗೆ ಹೆಂಡ ಇಲ್ಲ ಅಂದಾಗ ಇನ್ನೂ ಮೆಚ್ಚಿದರು. ಆಮೇಲೆ ಊಟದ ವಿಷಯ ಬಂತು. ಆಲ್ಮ್ಯಾಕ್ಸ್‌ನಲ್ಲಿ ಕೊಡುತ್ತಿದ್ದದ್ದು ತೆಳ್ಳಗೆ ಕುಯ್ದ ಬ್ರೆಡ್ಡು, ಬೆಣ್ಣೆ, ಟೀ, ಲೆಮನೇಡ್.

ಅತ್ತಿಗೆ ಪುಸ್ತಕ ಕೆಳಗಿಟ್ಟರು. "ಗೌಡ್ರುಗಳ ಮನೆ ಕಾರ್ಯಕ್ಕೆ ಬ್ರೆಡ್ಡಾ? ಬೀಗರೂಟಕ್ಕೆ ಹಿಂಗೆ ಬಡಿಸಿದ್ರೆ ನಾವು ಊರಲ್ಲಿ ತಲೆ ಎತ್ಕೊಂಡು ತಿರುಗಂಗಿಲ್ಲ!"

ನಕ್ಕೆ. ಹೊಲಿಗೆ ಎಳೆದು ಜೀವ ಹೋದಂಗಾಯ್ತು, ಆದರೂ ನಕ್ಕೆ. ಪರದೆಯ ಆಚೆಯಿಂದ ಅಜ್ಜಿಯೂ ನಕ್ಕಿದ್ದು ಕೇಳಿಸಿತು.

ಅತ್ತಿಗೆಯ ಸಮಾಜ ಪಾಠ ಆ ರಾತ್ರಿ ಸುಮ್ಮನಿರಲಿಲ್ಲ. ದೊಡ್ಡಗೌಡ್ರು ಕಾಲು ಮುರಿದುಕೊಂಡದ್ದು 1815ರ ಜೂನ್ 18ರ ವಾಟರ್ಲೂ ಯುದ್ಧದಲ್ಲಿ, ವೆಲಿಂಗ್ಟನ್ ಕೈಕೆಳಗೆ ಅಂತ ಬಂದ ಕೂಡಲೇ ಕನ್ನಡಕ ತೆಗೆದರು. "ಇವನು ನಮ್ಮ ಶ್ರೀರಂಗಪಟ್ಟಣಕ್ಕೆ ಬಂದಿದ್ದ ವೆಲ್ಲೆಸ್ಲಿಯಲ್ವೇನೇ?" ಅವನೇ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸತ್ತ ಮೇಲೆ ಪಟ್ಟಣದ ಉಸ್ತುವಾರಿ ಸಿಕ್ಕಿದ್ದು ಆಗ ಕರ್ನಲ್ ಆಗಿದ್ದ ಆರ್ಥರ್ ವೆಲ್ಲೆಸ್ಲಿಗೆ. ದರಿಯಾ ದೌಲತ್ತಿನಲ್ಲೇ ವಾಸ ಇದ್ದ. ಈ ಕಾದಂಬರಿಗಳ ನಾಯಕರಲ್ಲಿ ಬಹಳ ಜನ ಅವನ ಸೈನ್ಯದಿಂದ ವಾಪಸಾದ ಅಧಿಕಾರಿಗಳೇ. "ನಮ್ಮೂರು ಲೂಟಿ ಮಾಡಿದೋರ ಮದುವೆ ಕಥೆನಾ ನಾನು ನಿಂಗೆ ನಿದ್ದೆಗೆಟ್ಟು ಓದ್ತಿರೋದು?" ಅಂತ ಬೈದರು. ಬೈದು, ಪುಟ ತಿರುಗಿಸಿದರು.

ಆ ಬೈಗುಳ ನ್ಯಾಯವಾದದ್ದೇ. ಆ ಬಂಗಲೆಗಳ ದುಡ್ಡಿನಲ್ಲಿ ಎಷ್ಟು ಪಾಲು ಇಲ್ಲಿಯದು, ಎಷ್ಟು ಪಾಲು ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಗುಲಾಮರು ದುಡಿದದ್ದು ಅಂತ ಈ ಪುಸ್ತಕಗಳು ಬಹಳ ಸಲ ಹೇಳೋದೇ ಇಲ್ಲ. ಗುಲಾಮರನ್ನು ಮಾರುವ ವ್ಯಾಪಾರ ಬ್ರಿಟನ್ನಿನಲ್ಲಿ 1807ರಲ್ಲೇ ನಿಂತಿತ್ತು, ಆದರೆ ತೋಟದಲ್ಲಿದ್ದವರ ಬಿಡುಗಡೆಗೆ ಕಾನೂನು ಬಂದದ್ದು 1833ರಲ್ಲಿ. ಅಂದರೆ ರೀಜೆನ್ಸಿಯ ಟೀ ಕಪ್ಪಿನ ಸಕ್ಕರೆ ಬಹುಪಾಲು ಅದೇ. ನನಗೆ ಇದು ಗೊತ್ತು, ಗೊತ್ತಿದ್ದೂ ಓದ್ತೀನಿ. ಹಾಗೆ ಓದಬಹುದು ಅಂತ ಮೊದಲ ಸಲ ಅನ್ನಿಸಿದ್ದು ಬೈಯುತ್ತಲೇ ಪುಟ ತಿರುಗಿಸಿದ ಅತ್ತಿಗೆಯನ್ನು ನೋಡಿ.

ಗ್ರೆಟ್ನಾ ಗ್ರೀನ್ ಬಂದಾಗ ಮೂರೂವರೆ. 1754ರಿಂದ ಇಂಗ್ಲೆಂಡಿನಲ್ಲಿ ಇಪ್ಪತ್ತೊಂದು ತುಂಬದವರು ಹೆತ್ತವರ ಒಪ್ಪಿಗೆ ಇಲ್ಲದೆ ಲೈಸೆನ್ಸ್ ತೆಗೆದು ಮದುವೆಯಾಗುವಂತಿರಲಿಲ್ಲ. ಸ್ಕಾಟ್ಲೆಂಡಿಗೆ ಆ ಕಾನೂನು ಇಲ್ಲ. ಹಾಗಾಗಿ ಗಡಿ ದಾಟಿದ ಕೂಡಲೇ ಸಿಗುವ ಆ ಹಳ್ಳಿಗೆ ಜೋಡಿಗಳು ಕುದುರೆಗಾಡಿಯಲ್ಲಿ ಓಡುತ್ತಿದ್ದವು, ಕಮ್ಮಾರನ ಅಡಿಗಲ್ಲಿನ ಮುಂದೆ ನಿಂತು ಮದುವೆಯಾಗುತ್ತಿದ್ದವು. ನಮ್ಮ ಕಥೆಯಲ್ಲಿ ಓಡಿದ್ದು ನಾಯಕಿಯ ತಂಗಿ. ಹಿಂದೆಯೇ ದೊಡ್ಡಗೌಡ್ರು. ನೂರಾರು ಮೈಲಿ ದಾರಿ, ಸುರಿಯುವ ಮಳೆ, ಕುಂಟುಕಾಲು. ಅತ್ತಿಗೆ ಅನುವಾದ ಮರೆತು ಮನಸ್ಸಿನಲ್ಲೇ ಓದಿಕೊಳ್ಳತೊಡಗಿದರು. "ಅತ್ತಿಗೆ, ಏನಾಯ್ತು?" ಅಂತ ನಾನೇ ಕೇಳಬೇಕಾಯ್ತು. ಎರಡು ತಾಸಿನ ಹಿಂದೆ ಸಾಕು ಅಂದವಳು ನಾನೇ.

ನಾಲ್ಕಕ್ಕೆ ಸಿಸ್ಟರ್ ಬಂದು ಇಂಜೆಕ್ಷನ್ ಕೊಟ್ಟರು. ಉಳಿದಿದ್ದು ಒಂದೇ ಅಧ್ಯಾಯ. ಅತ್ತಿಗೆ ಬಸ್ ಟಿಕೆಟ್ಟು ಇಟ್ಟು ಪುಸ್ತಕ ಮುಚ್ಚಿಬಿಟ್ಟರು.

"ಮುಗಿಸಿಬಿಡಿ ಅತ್ತಿಗೆ, ಹತ್ತು ಪುಟ."

"ಬೇಡ. ಡಾಕ್ಟ್ರು ಇನ್ನು ಬರಬೇಡ ಅಂದ ದಿನ ಓದ್ತೀನಿ."

"ಅಷ್ಟರಲ್ಲಿ ಏನಾದ್ರೂ ಆದ್ರೆ?"

ಅವರು ಶಾಲು ಸರಿಮಾಡಿದರು. ಸ್ವಲ್ಪ ಹೊತ್ತು ಮಾತಿಲ್ಲ. "ಹಂಗಂದ್ರೆ ನನಗೂ ಕಥೆ ಗೊತ್ತಾಗಾಕಿಲ್ಲ" ಅಂದರು. ಕತ್ತಲಲ್ಲಿ ಅವರ ದನಿ ಒಡೆದಿತ್ತು. ಇಪ್ಪತ್ತಾರು ವರ್ಷದಲ್ಲಿ ಅವರ ಆ ದನಿ ನಾನು ಕೇಳಿರಲಿಲ್ಲ.

ಬೆಳಗ್ಗೆ ಪರದೆ ಸರಿಸಿದಾಗ ಅಜ್ಜಿ ಕಾಫಿ ಹಿಡಿದು ಕೂತಿದ್ದರು. "ಗೌಡ್ರು ಸಿಕ್ಕಿದ್ರೇನವ್ವ ಆ ಹುಡುಗೀಗೆ?" ಅಂತ ಕೇಳಿದರು. ಅತ್ತಿಗೆ ಗಂಭೀರವಾಗಿ, "ಇನ್ನೂ ಮಾತುಕತೆ ನಡೀತಾ ಅದೆ ಅಜ್ಜಿ" ಅಂದರು.

ಅದಾದ ಮೇಲೆ ಅತ್ತಿಗೆ ನನ್ನ ಕಪಾಟಿನಿಂದ ಬೇರೆ ಒಂಬತ್ತು ಪುಸ್ತಕ ಒಯ್ದಿದ್ದಾರೆ. ಬೈಂಡೆಲ್ಲ ಬಿಚ್ಚಿ ಎಸೆದಿದ್ದಾರೆ. ಹೊದಿಕೆಯ ಚಿತ್ರ ಕಂಡ ಊರಿನ ಹೆಂಗಸರು ಕೇಳಿದರೆ "ಹಿಸ್ಟರಿ" ಅನ್ನುತ್ತಾರಂತೆ. ಆ ಒಂದು ಪುಸ್ತಕ ಮಾತ್ರ ಟಿಕೆಟ್ಟಿನ ಸಮೇತ ಅವರ ದೇವರ ಮನೆಯ ಗೂಡಿನಲ್ಲಿದೆ.

ಗುರುವಾರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮೊದಲ ಫೋನು ಅವರಿಗೇ ಮಾಡಿದೆ. ಡಾಕ್ಟರು ಹೇಳಿದ್ದು ಹೇಳಿದೆ. ಆ ಕಡೆಯಿಂದ ತುಂಬ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, "ಭಾನುವಾರ ಬನ್ನಿ. ಬ್ರೆಡ್ಡು, ಬೆಣ್ಣೆ, ಲೆಮನೇಡ್ ಮಾಡಿರ್ತೀನಿ" ಅಂದರು.

ಬೀಗರೂಟವೇ ಬೇಕು ಅಂದಿದ್ದೀನಿ.