ಮೂವತ್ತೈದು ಜನರ ಸಭೆಯ ಕಾರ್ಯದರ್ಶಿಗೆ

ಪ್ರಿಯ ಗೆಳೆಯನಿಗೆ ಕರ್ತನಲ್ಲಿ ವಂದನೆಗಳು.

ನಿನ್ನ ಪತ್ರ ಕೈಸೇರಿ ಎರಡು ವಾರಗಳಾದವು. ಕಳೆದ ಮೂರು ತಿಂಗಳಲ್ಲಿ ನಿಮ್ಮ ಚರ್ಚಿನ ಭಾನುವಾರದ ಆರಾಧನೆಗೆ ಮೂವತ್ತೈದು ಜನರಿಗಿಂತ ಹೆಚ್ಚು ಬಂದಿಲ್ಲವೆಂದೂ, ಸಮಿತಿಯಲ್ಲಿ ಇಬ್ಬರು ಹಿರಿಯರು ಬಾಗಿಲು ಮುಚ್ಚುವ ಮಾತನ್ನೂ ಆಡಿಬಿಟ್ಟರೆಂದೂ ಬರೆದಿದ್ದೀಯೆ. ಅಷ್ಟನ್ನೂ ವಿವರಿಸಿ ಕೊನೆಗೆ ‘ನಮ್ಮದು ಚಿಕ್ಕ ಸಭೆ, ನಮ್ಮಿಂದ ಏನಾದೀತು’ ಎಂದಿದ್ದೀಯಲ್ಲ, ನನ್ನ ತಕರಾರಿರುವುದು ಆ ಮಾತಿನ ಮೇಲೆಯೇ. ಚಿಕ್ಕದಾಗಿರುವುದನ್ನು ನೀನು ಕಾಯಿಲೆಯೆಂದು ತಿಳಿದಿದ್ದೀಯೆ.

ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಹದಿನಾರನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಪ್ರಿಸ್ಕ ಮತ್ತು ಅಕ್ವಿಲರ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳುತ್ತಾನೆ. ಒಂದು ಮನೆಯಲ್ಲಿ ಎಷ್ಟು ಜನ ಕೂಡಬಹುದೋ ಅಷ್ಟೇ ಆ ಸಭೆಯ ಅಳತೆ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಡದ ದೂರಾ ಯೂರೋಪಸ್ ಎಂಬ ಪಾಳು ಊರಿನಲ್ಲಿ ಮೂರನೆಯ ಶತಮಾನದ ಕ್ರೈಸ್ತರ ಒಂದು ಆರಾಧನಾ ಮನೆ ಉತ್ಖನನದಲ್ಲಿ ಸಿಕ್ಕಿದೆ. ಅವರು ಹೊಸ ಕಟ್ಟಡವನ್ನೇನೂ ಕಟ್ಟಲಿಲ್ಲ. ವಾಸದ ಮನೆಯೊಂದರ ನಡುಗೋಡೆಯನ್ನು ಕೆಡವಿ ಎರಡು ಕೋಣೆಗಳನ್ನು ಒಂದಾಗಿಸಿ, ಮತ್ತೊಂದು ಚಿಕ್ಕ ಕೋಣೆಯನ್ನು ದೀಕ್ಷಾಸ್ನಾನಕ್ಕೆ ಬಿಟ್ಟುಕೊಟ್ಟರು. ಒತ್ತಿ ಕುಳಿತರೂ ಆ ದೊಡ್ಡ ಕೋಣೆಯಲ್ಲಿ ಎಪ್ಪತ್ತೋ ಎಂಬತ್ತೋ ಜನ. ಅಷ್ಟು ಹಿಂದಕ್ಕೆ ಹೋಗುವುದು ಬೇಡವೆಂದರೆ ಇಂದಿನದನ್ನೇ ನೋಡು: ಅಮೆರಿಕದಲ್ಲಿ 2020ರಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ಅಲ್ಲಿನ ಅರ್ಧದಷ್ಟು ಸಭೆಗಳಲ್ಲಿ ವಾರದ ಆರಾಧನೆಗೆ ಸೇರುವವರು 65 ಜನ ಅಥವಾ ಅದಕ್ಕಿಂತ ಕಡಿಮೆ.

ಹಾಗಾದರೆ ತೊಂದರೆ ಎಲ್ಲಿದೆ? ನನಗೆ ತೋರುವಂತೆ, ಚಿಕ್ಕ ಸಭೆಯು ತನ್ನ ಹಿಂದಿನ ಕಾಲದ ಅಥವಾ ಪಕ್ಕದ ದೊಡ್ಡ ಸಭೆಯ ಅಂಗಿಯನ್ನು ತೊಟ್ಟುಕೊಂಡು ತೋಳು ಮಡಚುತ್ತಾ ಕೂತಿರುತ್ತದೆ. ಇನ್ನೂರು ಜನರಿಗೆ ಕಟ್ಟಿದ ದೇವಾಲಯ, ಇನ್ನೂರು ಜನರ ಕಾಣಿಕೆಯಿಂದ ಸಾಗುತ್ತಿದ್ದ ಪೂರ್ಣಾವಧಿಯ ಸಂಬಳ, ಇನ್ನೂರು ಜನರಿದ್ದಾಗ ಹುಟ್ಟಿಕೊಂಡ ಏಳೆಂಟು ಸಂಘಗಳು. ನಮ್ಮ ಸಭೆಯಲ್ಲಿ ಇದೇ ಆಗಿತ್ತು. ಮೂವತ್ತು ಜನ ಆ ದೊಡ್ಡ ಹಾಲಿನಲ್ಲಿ ಬೆಂಚಿಗೊಬ್ಬರಂತೆ ಚದುರಿ, ಅದರಲ್ಲೂ ಹಿಂದಿನ ಸಾಲುಗಳಲ್ಲೇ ಕೂರುತ್ತಿದ್ದರು. ಕೀರ್ತನೆಯ ಮೊದಲ ಚರಣ ಮುಗಿಯುವುದರೊಳಗೆ ಪ್ರತಿಯೊಬ್ಬರಿಗೂ ತಾವೊಬ್ಬರೇ ಹಾಡುತ್ತಿದ್ದೇವೆಂಬ ಸಂಕೋಚ ಬಂದು ದನಿ ಇಳಿಯುತ್ತಿತ್ತು. ಒಂದು ಮಳೆಗಾಲ ಮಾಡು ಸೋರಿ, ಬೇರೆ ದಾರಿಯಿಲ್ಲದೆ ಪಕ್ಕದ ಸಂಡೇ ಸ್ಕೂಲ್ ಕೋಣೆಯಲ್ಲಿ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕೂತು ಆರಾಧನೆ ಮಾಡಿದೆವು. ಅಂದು ಕೀರ್ತನೆ ಎದ್ದ ಪರಿಗೆ ಹಾರ್ಮೋನಿಯಂ ನುಡಿಸುತ್ತಿದ್ದಾಕೆ ತಲೆಯೆತ್ತಿ ನೋಡಿದರು. ಮಾಡು ದುರಸ್ತಿಯಾದ ಮೇಲೂ ನಾವು ಹಾಲಿಗೆ ಮರಳಲಿಲ್ಲ. ಒಬ್ಬ ಹಿರಿಯರು ಮಾತ್ರ ಮೂರು ವಾರ ಆ ಖಾಲಿ ಹಾಲಿನಲ್ಲಿ ತಮ್ಮ ಬೆಂಚಿನಲ್ಲೇ ಕೂತಿದ್ದು, ನಾಲ್ಕನೆಯ ವಾರ ಏನೂ ಹೇಳದೆ ನಮ್ಮ ನಡುವೆ ಬಂದು ಕೂತರು.

ಕಟ್ಟಡದ ಸಾಲದಿಂದ ಒಳ್ಳೆಯದೂ ಹುಟ್ಟಬಹುದು ಎಂಬುದಕ್ಕೆ ನನಗೆ ಬಹಳ ಇಷ್ಟವಾದ ಪ್ರಸಂಗವೊಂದಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟ್ ಪಂಥವನ್ನು ಆರಂಭಿಸಿದ ಜಾನ್ ವೆಸ್ಲಿಯ ಜನರು ತಮ್ಮ ಆರಾಧನಾ ಮಂದಿರದ ಸಾಲವನ್ನು ತೀರಿಸುವ ಬಗೆ ಹೇಗೆಂದು ಚರ್ಚಿಸುತ್ತಿದ್ದರು. ತಲೆಗೆ ವಾರಕ್ಕೊಂದು ಪೆನ್ನಿ ಕೊಡೋಣವೆಂದು ಒಬ್ಬನು ಸೂಚಿಸಿದಾಗ, ಬಡವರಿಗೆ ಅದೂ ಆಗದೆಂಬ ಮಾತು ಬಂತು. ಆಗ ಅವನೇ, ಕಡುಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ವಾರವಾರವೂ ಅವರ ಮನೆಗೆ ಹೋಗುತ್ತೇನೆ, ಅವರಿಂದಾಗದಿದ್ದರೆ ಅವರ ಪಾಲನ್ನೂ ನಾನೇ ಕೊಡುತ್ತೇನೆ ಎಂದನಂತೆ. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ಪೆನ್ನಿಗೆಂದು ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ, ಯಾರು ಪ್ರಾರ್ಥನೆ ಬಿಟ್ಟಿದ್ದಾರೆ ಎಂಬುದೆಲ್ಲ ತಿಳಿಯಿತು, ಮತ್ತು ಹಣ ವಸೂಲಿಗೆ ಹುಟ್ಟಿದ ಏರ್ಪಾಡು ಪರಸ್ಪರ ಪಾಲನೆಯ ಏರ್ಪಾಡಾಗಿ ಮೆಥೊಡಿಸ್ಟರ ಬೆನ್ನೆಲುಬಾಯಿತು. ನಿನ್ನ ಸಭೆಯ ಮೂವತ್ತೈದು ಜನರೆಂದರೆ ಸರಿಸುಮಾರು ಅಂಥ ಮೂರು ಗುಂಪುಗಳು. ದೊಡ್ಡ ಸಭೆಗಳು ಹರಸಾಹಸ ಮಾಡಿ ಕಟ್ಟಿಕೊಳ್ಳುವ ಇದು ನಿನಗೆ ಸುಮ್ಮನೆ ಸಿಕ್ಕಿದೆ.

ಸಭಾಪಾಲಕರ ಸಂಬಳದ ವಿಷಯವನ್ನು ನೀನು ಮುಜುಗರಪಟ್ಟು ಬರೆದಿದ್ದೀಯೆ, ಮುಜುಗರ ಬೇಡ. ಕೊರಿಂಥದಲ್ಲಿ ಪೌಲನು ಗುಡಾರ ಮಾಡುವ ಕಸಬಿನಿಂದ ಬದುಕುತ್ತಲೇ ಸಭೆ ಕಟ್ಟಿದನು. ಪೂರ್ಣಾವಧಿಯ ಸಂಬಳ ಆಗದ ಕಡೆ ಎರಡು ಮೂರು ಸಭೆಗಳು ಒಬ್ಬ ಸಭಾಪಾಲಕರನ್ನು ಹಂಚಿಕೊಳ್ಳಬಹುದು, ಅಥವಾ ಬೇರೆ ಉದ್ಯೋಗವಿರುವ ಸಭಾಪಾಲಕರನ್ನು ಅರ್ಧಾವಧಿಗೆ ಒಪ್ಪಿಕೊಳ್ಳಬಹುದು. ಆದರೆ ಅರ್ಧ ಸಂಬಳ ಕೊಟ್ಟು ಪೂರ್ತಿ ಕೆಲಸ ನಿರೀಕ್ಷಿಸುವುದು ಶುದ್ಧ ಅನ್ಯಾಯ, ಅದನ್ನು ಎಷ್ಟು ಭಕ್ತಿಯ ಮಾತುಗಳಲ್ಲಿ ಹೇಳಿದರೂ ಸರಿಯೆ. 1771ರಲ್ಲಿ ಅಮೆರಿಕಕ್ಕೆ ಹೋದ ಮೆಥೊಡಿಸ್ಟ್ ಬೋಧಕ ಫ್ರಾನ್ಸಿಸ್ ಆ್ಯಸ್ಬರಿ 1816ರಲ್ಲಿ ತೀರಿಕೊಳ್ಳುವವರೆಗೂ ಬಹುಮಟ್ಟಿಗೆ ಕುದುರೆಯ ಮೇಲೆ ಸುತ್ತುತ್ತಲೇ ಇದ್ದರು. ಅವರಂತೆ ಸುತ್ತುತ್ತಿದ್ದ ಬೋಧಕರು ಒಂದೊಂದು ಸ್ಥಳಕ್ಕೆ ಮರಳಿ ಬರುವಷ್ಟರಲ್ಲಿ ವಾರಗಳು ಉರುಳುತ್ತಿದ್ದವು. ಆ ನಡುವೆ ಸಭೆಯನ್ನು ಹಿಡಿದು ನಿಲ್ಲಿಸಿದವರು ಅಲ್ಲಿನ ಗುಂಪುಗಳ ಮುಖಂಡರಾದ ಸಾಮಾನ್ಯ ಸಭಿಕರೇ. ಹಾಗಾಗಿ ಸಂಬಳವನ್ನು ಇಳಿಸುವ ಮೊದಲು ರೋಗಿಗಳ ಭೇಟಿ ಯಾರದು, ಸಭಾಪಾಲಕರಿಲ್ಲದ ಭಾನುವಾರ ವಾಕ್ಯ ಓದಿ ಆರಾಧನೆ ನಡೆಸುವವರು ಯಾರು ಎಂದು ಹೆಸರು ಹಿಡಿದು ಬರೆದಿಡು. ‘ಎಲ್ಲರೂ ಸೇರಿ ಮಾಡೋಣ’ ಎಂಬ ನಿರ್ಣಯವಾದರೆ ಯಾರೂ ಮಾಡುವುದಿಲ್ಲ.

ಮೇಲಿನ ಸಭಾಡಳಿತದವರಿಂದ ಸಹಾಯಧನ ಕೇಳುವ ಯೋಚನೆಗೆ ನನ್ನ ಒಪ್ಪಿಗೆ ಅರ್ಧವಷ್ಟೇ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಮಿಷನ್ ಸಂಸ್ಥೆಯಾದ ಚರ್ಚ್ ಮಿಷನರಿ ಸೊಸೈಟಿಯ ಹೆನ್ರಿ ವೆನ್ ಮತ್ತು ಅಮೆರಿಕದ ರೂಫಸ್ ಆ್ಯಂಡರ್ಸನ್ ಹೊಸ ಸಭೆಗಳು ತಮ್ಮ ಆಡಳಿತವನ್ನು ತಾವೇ ನಡೆಸಬೇಕು, ತಮ್ಮ ಖರ್ಚನ್ನು ತಾವೇ ಹೊರಬೇಕು, ಸುವಾರ್ತೆಯನ್ನು ತಾವೇ ಹಬ್ಬಿಸಬೇಕೆಂದು ವಾದಿಸಿದರು. ಮಾಡಿನ ದುರಸ್ತಿಗೆ ಒಮ್ಮೆ ನೆರವು ಪಡೆಯುವುದು ಬೇರೆ, ತಿಂಗಳ ವಿದ್ಯುತ್ ಬಿಲ್ಲಿಗೂ ಕೈಚಾಚುವುದು ಬೇರೆ. ಲೆಕ್ಕಪತ್ರದ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡ: ಕಾಣಿಕೆಯನ್ನು ಸಂಬಂಧಿಕರಲ್ಲದ ಇಬ್ಬರು ಎಣಿಸಲಿ, ಮೊತ್ತವನ್ನು ಮುಂದಿನ ವಾರವೇ ಸಭೆಗೆ ತಿಳಿಸು.

ಈಗ ನೀನು ಪತ್ರದ ಅಂಚಿನಲ್ಲಿ ಒಂದೇ ಸಾಲಿನಲ್ಲಿ ಬರೆದು ಬಿಟ್ಟಿರುವ ವಿಷಯ. ಆ ಎರಡು ಕುಟುಂಬಗಳು ಮಾತು ಬಿಟ್ಟು ಎಷ್ಟು ಕಾಲವಾಯಿತು? ಇಬ್ಬರು ಮೂವರು ಕೂಡಿಬಂದಲ್ಲಿ ಕರ್ತನಿರುತ್ತಾನೆಂಬ ವಚನವನ್ನು ಹಾಜರಿ ಕಡಿಮೆಯಿದ್ದಾಗಲೆಲ್ಲ ಸಮಾಧಾನಕ್ಕೆ ಹೇಳಿಕೊಳ್ಳುತ್ತೇವೆ. ಆದರೆ ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಅದರ ಹಿಂದಿನ ವಚನಗಳನ್ನು ಓದಿ ನೋಡು. ಅಲ್ಲಿರುವುದು ತಪ್ಪು ಮಾಡಿದ ಸಹೋದರನ ಬಳಿ ಮೊದಲು ಒಬ್ಬನೇ ಹೋಗು, ಆಮೇಲೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಎಂಬ ಆಜ್ಞೆ. ಮುನ್ನೂರು ಜನರ ಸಭೆಯಲ್ಲಿ ಎರಡು ಮನೆಗಳು ಮುಖ ತಿರುಗಿಸಿದರೆ ಉಳಿದವರಿಗೆ ಗೊತ್ತೂ ಆಗುವುದಿಲ್ಲ. ಮೂವತ್ತೈದು ಜನರಲ್ಲಿ ಆ ಎರಡು ಮನೆಗಳೆಂದರೆ ಮೂರನೆಯ ಒಂದು ಭಾಗ, ಮತ್ತು ಹೊಸದಾಗಿ ಬಂದ ಯಾರಿಗೇ ಆಗಲಿ ಬಾಗಿಲಲ್ಲೇ ಅದರ ಬಿಸಿ ತಟ್ಟುತ್ತದೆ. ಹೊಸಬರು ಒಮ್ಮೆ ಬಂದು ಮತ್ತೆ ಬರುವುದಿಲ್ಲವೆಂದು ನೀನು ಸಂಗೀತವನ್ನೂ ಪ್ರಸಂಗದ ಉದ್ದವನ್ನೂ ದೂರುತ್ತಿದ್ದೀಯೆ. ನನಗೇನೋ ಅನುಮಾನ ಬೇರೆ ಕಡೆಗಿದೆ.

ಆದ್ದರಿಂದ ಸಮಿತಿಯ ಮುಂದಿನ ಕೂಟದಲ್ಲಿ ಬಾಗಿಲು ಮುಚ್ಚುವ ನಿರ್ಣಯವನ್ನು ಆರು ತಿಂಗಳು ಮುಂದೂಡಿಸು. ಅಷ್ಟರೊಳಗೆ ಆ ಎರಡು ಮನೆಗಳಿಗೆ ಹೋಗಿ ಬಾ. ಮೊದಲು ಒಬ್ಬನೇ ಹೋಗು. ಎರಡನೆಯ ಸಲಕ್ಕೆ ಜೊತೆ ಬೇಕಾದರೆ ತಿಳಿಸು, ನಾನು ಬರುತ್ತೇನೆ.

ನಿನ್ನ ಗೆಳೆಯ