ಡೆಟ್ರಾಯಿಟ್‌ನಲ್ಲಿರುವ ಮಗಳಿಗೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಣ್ಣಗಾಗಿತ್ತು. ಮೀಟಿಂಗಿಗೆ ಹೋದವಳನ್ನು ಕಾಫಿ ಕೊಡುವ ಹುಡುಗಿ ಅಂದುಕೊಂಡು ಯಾರೋ ಖಾಲಿ ಲೋಟ ಕೈಗಿಟ್ಟರು ಅಂದೆ. ನನಗೆ ಮಾತೇ ಬರಲಿಲ್ಲ. ಅಮ್ಮ ಮಲಗಿದ ಮೇಲೆ ಬರೆಯಲು ಕೂತಿದ್ದೇನೆ.

ನೀನಿರುವ ಊರಿನಲ್ಲೇ 1922ರಲ್ಲಿ ಹುಟ್ಟಿದವರು ಜಡ್ಜ್ ಡೇಮನ್ ಕೀತ್. ಗುಲಾಮರಾಗಿದ್ದವರ ಮೊಮ್ಮಗ. ತಂದೆ ಫೋರ್ಡ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದರೆ ಅಲ್ಲೂ ಕಪ್ಪು ಸೈನಿಕರ ತುಕಡಿ ಬೇರೆ. ವಾಪಸ್ ಬಂದು 1949ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ ಮುಗಿಸಿದರು. ವಕೀಲರ ಪರೀಕ್ಷೆಗೆ ಓದುತ್ತಲೇ ಹೊಟ್ಟೆಪಾಡಿಗೆ 'ಡೆಟ್ರಾಯಿಟ್ ನ್ಯೂಸ್' ಪತ್ರಿಕೆಯ ಕಚೇರಿಯಲ್ಲಿ ನೆಲ ಒರೆಸುತ್ತಿದ್ದರು. ಒಂದು ದಿನ ಶೌಚಾಲಯದಲ್ಲಿ ಕಾನೂನು ನಿಘಂಟು ಹಿಡಿದು ನಿಂತಿದ್ದಾಗ ಬಿಳಿಯ ವರದಿಗಾರನೊಬ್ಬ ಕಂಡ. ಏನು ಓದುತ್ತಿದ್ದೀಯ ಅಂತ ಕೇಳಿದ. ಲಾಯರ್ ಆಗುತ್ತೇನೆ ಅಂದರು. ಕಪ್ಪು ಲಾಯರಾ? ನೆಲ ಒರೆಸುವುದನ್ನು ಬಿಡಬೇಡ ಅಂದನಂತೆ.

1967ರಲ್ಲಿ ಅಧ್ಯಕ್ಷ ಜಾನ್ಸನ್, ಕೀತ್ ಅವರನ್ನು ಫೆಡರಲ್ (ಕೇಂದ್ರ ಸರ್ಕಾರದ) ಜಿಲ್ಲಾ ಕೋರ್ಟಿಗೆ ಜಡ್ಜ್ ಮಾಡಿದರು. ಪಾಂಟಿಯಾಕ್ ಊರಿನ ಶಾಲೆಗಳಲ್ಲಿ ಕಪ್ಪು ಮಕ್ಕಳು, ಬಿಳಿ ಮಕ್ಕಳು ಒಟ್ಟಿಗೆ ಓದಬೇಕು ಅಂತ 1970ರಲ್ಲಿ ತೀರ್ಪು ಕೊಟ್ಟರು. ಮರುವರ್ಷ ಅಲ್ಲಿ ಹತ್ತು ಶಾಲಾ ಬಸ್ಸುಗಳಿಗೆ ಬಾಂಬ್ ಇಟ್ಟರು. ಬಸ್ಸು ಸುಟ್ಟವು, ತೀರ್ಪು ಉಳಿಯಿತು. ಅದೇ 1971ರಲ್ಲಿ ನಿಕ್ಸನ್ ಸರ್ಕಾರ ವಾರಂಟ್ ಇಲ್ಲದೆ ಜನರ ಫೋನ್ ಕದ್ದು ಕೇಳುವಂತಿಲ್ಲ ಅಂದರು. ಸರ್ಕಾರ ಅವರ ಕೋರ್ಟಿನ ಮೇಲೆಯೇ ಅರ್ಜಿ ಹಾಕಿತು. 1972ರಲ್ಲಿ ಸುಪ್ರೀಂ ಕೋರ್ಟ್ 8-0 ಮತದಿಂದ ಅವರ ಮಾತನ್ನೇ ಎತ್ತಿಹಿಡಿಯಿತು. ಈಗಲೂ ಅದಕ್ಕೆ ಕೀತ್ ಕೇಸ್ ಅಂತಲೇ ಹೆಸರು. ಮೂವತ್ತು ವರ್ಷ ಬೆಂಚ್ ಕ್ಲರ್ಕ್ ಆಗಿದ್ದವನು ನಾನು. ಜಡ್ಜ್ ಹೆಸರಿನಿಂದಲೇ ಒಂದು ಕೇಸನ್ನು ಕರೆಯುವುದು ಎಷ್ಟು ಅಪರೂಪ ಅಂತ ನನಗೆ ಗೊತ್ತು.

1977ರಲ್ಲಿ ಅಧ್ಯಕ್ಷ ಕಾರ್ಟರ್, ಕೀತ್ ಅವರನ್ನು ಆರನೇ ಸರ್ಕ್ಯೂಟ್‌ನ ಮೇಲ್ಮನವಿ ಕೋರ್ಟಿಗೆ ತಂದರು. ಅಲ್ಲಿ ಸಾಕ್ಷಿಗಳಿಲ್ಲ, ಜ್ಯೂರಿ ಇಲ್ಲ. ಸಾಮಾನ್ಯವಾಗಿ ಮೂವರು ಜಡ್ಜುಗಳು ಕೂತು ಕೆಳಗಿನ ಕೋರ್ಟು ಮಾಡಿದ್ದು ಸರಿಯೇ ಅಂತ ನೋಡುತ್ತಾರೆ. ಮಿಷಿಗನ್, ಒಹಾಯೊ, ಕೆಂಟಕಿ, ಟೆನೆಸ್ಸಿ, ನಾಲ್ಕೂ ರಾಜ್ಯ ಅದರ ಕೆಳಗೆ.

ದೊಡ್ಡ ಹುದ್ದೆಗೆ ಹೋದ ಮೇಲೆ ಎಲ್ಲ ಸರಿಹೋಗುತ್ತೆ ಅಂತ ನಿನಗೆ ಹೇಳೋಣ ಅಂದುಕೊಂಡಿದ್ದೆ. ಸುಳ್ಳಾಗುತ್ತೆ ಪುಟ್ಟಿ. ಅಷ್ಟು ದೊಡ್ಡ ಕೋರ್ಟಿನ ಜಡ್ಜ್ ಆದ ಮೇಲೂ, ಅಮೆರಿಕದ ಸಂವಿಧಾನದ 200ನೇ ವರ್ಷದ ಸಮಿತಿಗೆ ಅಧ್ಯಕ್ಷರಾಗಿದ್ದವರು ವಿಲಿಯಮ್ಸ್‌ಬರ್ಗ್‌ನ ಹೋಟೆಲಿನ ಮುಂದೆ ನಿಂತಿದ್ದರೆ, ಬಿಳಿಯನೊಬ್ಬ ಬಂದು ನನ್ನ ಕಾರು ಪಾರ್ಕ್ ಮಾಡು ಅಂದ. ಇದನ್ನೆಲ್ಲ ಅವರು ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ. ವಯಸ್ಸಾದ ಮೇಲೂ ಎಲ್ಲರೆದುರು ಹೇಳುತ್ತಿದ್ದರು. ಅವಮಾನ ನುಂಗಿಕೊ ಅಂತ ನಾನೂ ನಿನಗೆ ಹೇಳುವುದಿಲ್ಲ. ಬಾಗಿಲ ಹೊರಗೆ ನಿಂತ ನೋವು ನೆನಪಿದ್ದವರೇ ಒಳಗೆ ಕೂತಾಗ ಹೊರಗಿನವರನ್ನು ನೋಡುತ್ತಾರೆ, ಅಲ್ವಾ?

ಅವಳಿ ಕಟ್ಟಡಗಳ ಮೇಲೆ ದಾಳಿಯಾದ ಮೇಲೆ ಅಲ್ಲಿನ ಸರ್ಕಾರ ಕೆಲವು ವಲಸಿಗರನ್ನು ಗಡೀಪಾರು ಮಾಡುವ ವಿಚಾರಣೆಗಳನ್ನು ಗುಟ್ಟಾಗಿ ನಡೆಸಿತು. ಬಂಧುಗಳಿಗೂ ಪತ್ರಕರ್ತರಿಗೂ ಒಳಗೆ ಪ್ರವೇಶವಿಲ್ಲ. 2002ರಲ್ಲಿ ಕೀತ್ ಅದು ತಪ್ಪು ಅಂತ ಬರೆದರು. ಮುಚ್ಚಿದ ಬಾಗಿಲ ಹಿಂದೆ ಪ್ರಜಾಪ್ರಭುತ್ವ ಸಾಯುತ್ತದೆ ಅನ್ನುವ ಮಾತು ಆ ತೀರ್ಪಿನದು. ಒಳಗೆ ಬಿಡಿ ಅಂತ ಕೋರ್ಟಿಗೆ ಬಂದಿದ್ದ ಪತ್ರಿಕೆಗಳಲ್ಲಿ 'ಡೆಟ್ರಾಯಿಟ್ ನ್ಯೂಸ್' ಕೂಡ ಇತ್ತು. ತಮ್ಮ ನೆಲ ಒರೆಸುತ್ತಿದ್ದ ಹುಡುಗನ ಮುಂದೆಯೇ ಬಂದು ನಿಂತಿದ್ದರು. ಅದನ್ನು ಓದಿದಾಗ ನನ್ನ ಕಣ್ಣು ಒದ್ದೆಯಾಯಿತು.

2019ರಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ. ಆಗಲೂ ಜಡ್ಜ್ ಆಗಿಯೇ ಇದ್ದರು.

ಅವರ ಚೇಂಬರ್ ಇದ್ದದ್ದು ನಿಮ್ಮೂರಿನ ಫೆಡರಲ್ ಕೋರ್ಟ್ ಕಟ್ಟಡದಲ್ಲೇ. ಬಿಡುವಾದಾಗ ಒಂದು ಬೆಳಿಗ್ಗೆ ಹೋಗಿ, ಹಿಂದಿನ ಬೆಂಚಿನಲ್ಲಿ ಕೂತು ಒಂದು ವಿಚಾರಣೆ ಪೂರ್ತಿ ಕೇಳು. ಏನು ಕೇಸು, ಯಾರು ಏನು ವಾದ ಮಾಡಿದರು, ಎಲ್ಲ ನನಗೆ ಬರೆ. ಊಟ ಬಿಡಬೇಡ.

ನಿನ್ನ ಅಪ್ಪ