ಹುಲ್ಲು ಕತ್ತರಿಸುವ ಹೊಸ ಗಾಡಿ: ಕೀಲಿ ತಿರುಗಿಸುವ ಮುಂಚೆ ಎಣ್ಣೆ ನೋಡಿ

ಸಂಪಾದಕರೇ,

ನಾನು ಬೆಳಗಾವಿಯ ಒಂದು ಮೈದಾನದಲ್ಲಿ ಮಾಲಿ. ಹೋದ ಮಳೆಗಾಲದಲ್ಲಿ ನಮಗೆ ಮೇಲೆ ಕೂತು ಓಡಿಸುವ, ಹುಲ್ಲು ಕತ್ತರಿಸುವ ಹೊಸ ಗಾಡಿ ಬಂತು. ತಂದವರು ಕೀಲಿ ಕೈಗಿಟ್ಟು ಹೋದರು, ಒಂದು ಮಾತೂ ಹೇಳಲಿಲ್ಲ. ಯಾವುದಕ್ಕೂ ಇರಲಿ ಅಂತ ಆಯಿಲ್ ನೋಡುವ ಕಡ್ಡಿ ಎಳೆದು ಬಿಳಿ ಬಟ್ಟೆಗೆ ಒರೆಸಿದೆ. ಬಟ್ಟೆಗೆ ಒಂದು ಕಲೆಯೂ ಹತ್ತಲಿಲ್ಲ! ಎಷ್ಟೋ ಗಾಡಿಗಳನ್ನು ಎಂಜಿನ್ ಆಯಿಲ್ ಹಾಕದೇ ಕಳಿಸುತ್ತಾರೆ, ಹಾಗೇ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಎಂಜಿನ್ ಜಾಮ್ ಆಗುತ್ತದೆ, ಅಷ್ಟು ದುಡ್ಡು ನೀರಲ್ಲಿ ಹೋದ ಹಾಗೆ ಅಲ್ವಾ?

ಟೈರಿಗೂ ಸಾಗಿಸುವಾಗ ಗಾಳಿ ಜಾಸ್ತಿ ತುಂಬಿರಬಹುದು, ಗಾಡಿಯ ಜೊತೆ ಬಂದ ಪುಸ್ತಕ ನೋಡಿ ಇಳಿಸಿ. ಬ್ಲೇಡಿನ ಬೋಲ್ಟ್ ಮುಟ್ಟುವ ಮುಂಚೆ ಸ್ಪಾರ್ಕ್ ಪ್ಲಗ್ಗಿನ ವೈರ್ ಬಿಚ್ಚಿಡಿ. ಮುಖ್ಯವಾದದ್ದು ಸೀಟಿನ ಕೆಳಗಿನ ಸ್ವಿಚ್. ಬ್ಲೇಡ್ ತಿರುಗುವಾಗ ಸೀಟಿನಿಂದ ಎದ್ದರೆ ಎಂಜಿನ್ ಬಂದ್ ಆಗಬೇಕು. ಕಿರಿಕಿರಿ ಅಂತ ಅದನ್ನು ವೈರ್ ಜೋಡಿಸಿ ಕೆಡಿಸುವವರಿದ್ದಾರೆ, ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ಕಲ್ಲು ಆರಿಸಿ, ಮಕ್ಕಳನ್ನು ದೂರ ಕಳಿಸಿ, ಇಳಿಜಾರಿನಲ್ಲಿ ಅಡ್ಡ ಓಡಿಸದೆ ನೆಟ್ಟಗೆ ಮೇಲೆ ಕೆಳಗೆ ಓಡಿಸಿ.

ಮಾರುವವರು ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಡಲಿ.

– ಒಬ್ಬ ಮಾಲಿ, ಬೆಳಗಾವಿ